ಲಕ್ಷ್ಮಿ ಪಟದ ಹಿಂದೆ ಸಿಕ್ಕ ಸಂಗೀತೋತ್ಸವದ ಪೋಸ್ಟರ್: ಯಾವ ವರ್ಷದ್ದು ಹೇಳಬಲ್ಲಿರಾ?

ನಂಜುಮಳಿಗೆ ನಿವಾಸಿ

ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಅಜ್ಜಿಯ ದೇವರ ಮನೆಯ ಲಕ್ಷ್ಮಿ ಪಟದ ಗಾಜು ಒಡೆಯಿತು. ಹೊಸ ಗಾಜು ಹಾಕಿಸೋಣ ಅಂತ ನಾನೇ ಹಿಂದಿನ ಮೊಳೆ ಕಿತ್ತೆ. ಪಟಕ್ಕೂ ಹಿಂದಿನ ಹಲಗೆಗೂ ನಡುವೆ ನಾಲ್ಕು ಮಡಿಕೆ ಮಾಡಿದ ಒಂದು ದೊಡ್ಡ ಕಾಗದ ಇತ್ತು. ಪಟ ಅಲ್ಲಾಡದಿರಲಿ ಅಂತ ಕಟ್ಟು ಹಾಕಿದವನು ಕೈಗೆ ಸಿಕ್ಕಿದ್ದನ್ನು ತುರುಕಿದ್ದಾನೆ, ಅಷ್ಟೆ. ಬಿಡಿಸಿ ನೋಡಿದರೆ ಮೈಸೂರಿನ ಚಾಮುಂಡಿಪುರಂ ಕಡೆಯ ಒಂದು ಬೀದಿಯ ಗಣೇಶೋತ್ಸವದ ಸಂಗೀತ ಕಾರ್ಯಕ್ರಮದ ಪೋಸ್ಟರ್!

ಸುಮಾರು 20 ಇಂಚು ಅಗಲ, 30 ಇಂಚು ಉದ್ದ. ಮೇಲೆ ಕೆಂಪು, ಕೆಳಗೆ ನೀಲಿ. ನಡುವೆ ಎರಡೂ ಸೇರಿ ನೇರಳೆ. ಫೋಟೊ, ಚಿತ್ರ ಯಾವುದೂ ಇಲ್ಲ, ಬರೀ ಅಕ್ಷರ. ಬೆಳಕು ಕಾಣದೆ ಇದ್ದಿದ್ದಕ್ಕೋ ಏನೋ, ಬಣ್ಣ ಇನ್ನೂ ಹೊಳೆಯುತ್ತಿದೆ.

ಕಷ್ಟ ಏನೆಂದರೆ ಇಸವಿ ಇಲ್ಲ. ಮೇಲ್ಗಡೆ ಎಡಕ್ಕೆ ಹುಳ ತಿಂದು ಅಂಗೈ ಅಗಲದ ತೂತಾಗಿದೆ. "ಶ್ರೀ ಪ್ಲವ" ಅಂತ ಶುರುವಾಗಿ ಅಲ್ಲಿಗೇ ನಿಲ್ಲುತ್ತದೆ. ತೂತಿನ ಆಚೆ "ತ್ಸರದ ಭಾದ್ರಪದ ಮಾಸ" ಅಂತಿದೆ. ಮೊದಲ ದಿನಗಳ ಸಾಲುಗಳೂ ಅದೇ ತೂತಿಗೆ ಹೋಗಿವೆ. ಉಳಿದಿರುವುದು 16 ಶನಿವಾರದಿಂದ 22 ಶುಕ್ರವಾರದವರೆಗೆ, ಒಟ್ಟು ಏಳು ದಿನ.

ಕೆಳಗಿನ ಸಾಲುಗಳನ್ನು ಇದ್ದ ಹಾಗೇ ಬರೆಯುತ್ತೇನೆ:

"ದಿನವೂ ಸಂಜೆ 6-30ಕ್ಕೆ ಸರಿಯಾಗಿ. ಧ್ವನಿವರ್ಧಕದ ವ್ಯವಸ್ಥೆ ಇರುತ್ತದೆ. ರಸಿಕರು ಚಾಪೆ ತರಬೇಕಾಗಿ ವಿನಂತಿ. ಮಕ್ಕಳನ್ನು ಕರೆತರುವವರು ಪಕ್ಕದಲ್ಲಿ ಕುಳಿತುಕೊಳ್ಳತಕ್ಕದ್ದು. ಕಾರ್ಯಕ್ರಮದ ಪಟ್ಟಿಗೆ 10 ನ. ಪೈ."

ಪೋಸ್ಟರಿನ ಫೋಟೊ ಹಾಕಿದ್ದೇನೆ, ಆದರೆ ಕಲಾವಿದರ ಹೆಸರುಗಳನ್ನು ಸದ್ಯಕ್ಕೆ ಮುಚ್ಚಿದ್ದೇನೆ. ಹೆಚ್ಚಿನವರು ಆಗಿನ ಪಾಠದ ಮೇಷ್ಟ್ರುಗಳು. ಅವರ ಮನೆಯವರು ಇಲ್ಲೇ ಇರಬಹುದು, ಕೇಳಿಯೇ ಹಾಕೋಣ. ಒಂದು ಸಾಲು ಮಾತ್ರ ಹೇಳುತ್ತೇನೆ: 19 ಮಂಗಳವಾರ "ದಿ॥ ವಾಸುದೇವಾಚಾರ್ಯರ ಕೃತಿಗಳ ಗಾಯನ" ಅಂತಿದೆ.

ಯಾವ ವರ್ಷ ಇರಬಹುದು?

ಒಂಟಿಕೊಪ್ಪಲು

ಮೊದಲಿಗೇ ಕೇಳಿಬಿಡುತ್ತೇನೆ. ಇದು ನಮ್ಮ ಒಂಟಿಕೊಪ್ಪಲಿನ 8ನೇ ಕ್ರಾಸ್‌ ಗಣೇಶೋತ್ಸವದ್ದು ಅಲ್ಲ ತಾನೆ? ಗಣೇಶನ ಹಬ್ಬಕ್ಕೆ ಪುಕ್ಕಟೆ ಸಂಗೀತ ಕಚೇರಿ ಅಂದರೆ ಊರಿನವರಿಗೆಲ್ಲ ಮೊದಲು ನೆನಪಾಗುವುದು ಅದೇ.

ನಂಜುಮಳಿಗೆ ನಿವಾಸಿ

ಅಲ್ಲ ಸರ್. ವಿಳಾಸ ಸ್ಪಷ್ಟವಾಗಿದೆ, ಚಾಮುಂಡಿಪುರಂ. ಆ ಉತ್ಸವ ನಿಂತು ಎಷ್ಟೋ ಕಾಲವಾಗಿದೆ ಅಂತ ಅಜ್ಜಿ ಹೇಳುತ್ತಾರೆ.

ಒಂಟಿಕೊಪ್ಪಲು

ಹಾಗಾದರೆ ಸರಿ. ನಮ್ಮದು 60ರ ದಶಕದ ಶುರುವಿನಿಂದ ನಡೆದುಕೊಂಡು ಬಂದಿದೆ. ರಸ್ತೆಗೆ ಅಡ್ಡ ಶಾಮಿಯಾನ ಹಾಕಿದರೆ ಅದೇ ಸಭಾಂಗಣ. ದೊಡ್ಡ ದೊಡ್ಡ ವಿದ್ವಾಂಸರು ಬಂದು ಬೀದಿಯಲ್ಲಿ ಹಾಡಿ ಹೋಗಿದ್ದಾರೆ. ಆದರೆ ಆಗ ಊರಲ್ಲಿ ಇಂಥವು ಇನ್ನೂ ಇದ್ದವು ಅಂತ ಹಿರಿಯರು ಹೇಳುವುದು ಕೇಳಿದ್ದೆ. ಕಾಗದದ ಸಾಕ್ಷಿ ನೋಡುತ್ತಿರುವುದು ಇದೇ ಮೊದಲು.

ಪಂಚಾಂಗದ ಮೇಷ್ಟ್ರು

ಇದು ಬಹಳ ಸುಲಭ ಅಂತ ಶುರು ಮಾಡಿದೆ, ಸಿಕ್ಕಿಹಾಕಿಕೊಂಡೆ. ಹೇಳುತ್ತೇನೆ ಕೇಳಿ.

60 ಸಂವತ್ಸರಗಳಲ್ಲಿ "ಪ್ಲವ" ಅಂತ ಶುರುವಾಗುವುದು ಎರಡು. ಒಂದು ಪ್ಲವ, ಇನ್ನೊಂದು ಪ್ಲವಂಗ. 2021ರ ಯುಗಾದಿಗೆ ಪ್ಲವ ಬಂದಿತ್ತು, 60 ಕಳೆದರೆ 1961. ಪ್ಲವಂಗ 2027ಕ್ಕೆ ಬರಬೇಕು, 60 ಕಳೆದರೆ 1967. ಸರಿ, ವಾರ ತಾರೀಕು ಹೊಂದಿಸಿ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ ಅಂದುಕೊಂಡೆ. ಭಾದ್ರಪದ ಅಂದಮೇಲೆ ಸೆಪ್ಟೆಂಬರ್ 16 ಶನಿವಾರ ಬರಬೇಕು. 1961ರಲ್ಲಿ ಶನಿವಾರ. 1967ರಲ್ಲೂ ಶನಿವಾರ! ಎರಡೂ ವರ್ಷ ಜನವರಿ 1 ಭಾನುವಾರ, ಎರಡೂ ಅಧಿಕ ವರ್ಷ ಅಲ್ಲ. ಅಂದರೆ ಒಂದೇ ಕ್ಯಾಲೆಂಡರ್ ಎರಡೂ ವರ್ಷ ಗೋಡೆಗೆ ಹಾಕಿಕೊಳ್ಳಬಹುದಿತ್ತು.

ಹುಳಕ್ಕೆ ಬುದ್ಧಿ ಇದೆ. ಸರಿಯಾದ ಜಾಗವನ್ನೇ ತಿಂದಿದೆ.

ಶ್ರುತಿಪೆಟ್ಟಿಗೆ

ಆ ಕೃತಿಗಳನ್ನು ರಚಿಸಿದ ಮೈಸೂರು ವಾಸುದೇವಾಚಾರ್ಯರು ತೀರಿಕೊಂಡಿದ್ದು 1961ರ ಮೇ ತಿಂಗಳಲ್ಲಿ, ಸುಮಾರು 96ನೇ ವಯಸ್ಸಿಗೆ. ಮೈಸೂರಿನಲ್ಲಿ ಬೆಳೆದು, ಅರಮನೆಯ ಆಸ್ಥಾನ ವಿದ್ವಾಂಸರಾಗಿ, ಕೊನೆಗಾಲದಲ್ಲಿ ಮದರಾಸಿನ ಕಲಾಕ್ಷೇತ್ರದಲ್ಲಿದ್ದರು. "ದಿ॥" ಅಂತ ಹಾಕಿರುವುದರಿಂದ ಅದಕ್ಕೆ ಮೊದಲಿನದ್ದಲ್ಲ ಅನ್ನುವುದಂತೂ ಖಚಿತ.

ಆದರೆ ನನಗೆ 1961 ಅನ್ನಿಸುತ್ತದೆ. ತೀರಿಕೊಂಡ ನಾಲ್ಕೇ ತಿಂಗಳಿಗೆ ಹಬ್ಬ ಬಂದಿದೆ, ಆ ವರ್ಷ ಒಂದು ಸಂಜೆ ಅವರಿಗೆ ಮೀಸಲಿಡುವುದು ಸಹಜ ಅಲ್ವಾ? ಅವತ್ತು ಯಾವ ಕೃತಿ ಹಾಡಿರುತ್ತಾರೆ ಅಂತ ಯಾರೂ ಹೇಳಬೇಕಾಗಿಲ್ಲ. ಖಮಾಚ್ ರಾಗ ಅಂದರೆ ಸಾಕು, "ಬ್ರೋಚೇವಾರೆವರುರಾ".

ಪಂಚಾಂಗದ ಮೇಷ್ಟ್ರು

ಸಹಜ ಹೌದು, ಸಾಕ್ಷಿ ಅಲ್ಲ. ನಮ್ಮಲ್ಲಿ ಅವರ ಕೃತಿ ಹಾಡದ ವರ್ಷ ಯಾವುದಿದೆ ಮೇಡಂ?

ಹಳೇ ನಾಣ್ಯ

ಎಲ್ಲರೂ ಮೇಲೆ ತೂತು ನೋಡುತ್ತಿದ್ದೀರಿ, ಕೆಳಗೆ ನೋಡಿ. "10 ನ. ಪೈ." ಅಂದರೆ ನಯಾ ಪೈಸೆ!

1957ರ ಏಪ್ರಿಲ್ 1ಕ್ಕೆ ಆಣೆ ಲೆಕ್ಕ ಹೋಗಿ ರೂಪಾಯಿಗೆ 100 ಪೈಸೆ ಬಂತು. ಹಳೇ ಪೈಸೆ ರೂಪಾಯಿಗೆ 64 ಇತ್ತು. ಅದರ ಜೊತೆ ಗೊಂದಲ ಆಗದಿರಲಿ ಅಂತ ಹೊಸದಕ್ಕೆ ನಯಾ ಪೈಸೆ ಅಂತ ಹೆಸರಿಟ್ಟರು. 1964ರ ಜೂನ್ 1ಕ್ಕೆ "ನಯಾ" ತೆಗೆದು ಬರೀ ಪೈಸೆ ಮಾಡಿದರು. ನಾಣ್ಯದ ಮೇಲೂ ಹಾಗೇ ಬದಲಾಯಿತು. ಹಾಗಾಗಿ 1967 ಅಲ್ಲ, 1961. ಮುಗಿಯಿತು.

ಮಂಡ್ಯ ಪ್ಯಾಸೆಂಜರ್

ಅಷ್ಟು ಬೇಗ ಮುಗಿಸಬೇಡಿ ಅಣ್ಣ. ನಮ್ಮಪ್ಪ ಸಾಯುವವರೆಗೂ "ನಯಾಪೈಸೆ ಕೊಡಲ್ಲ" ಅಂತಲೇ ಬೈಯುತ್ತಿದ್ದರು. ಸರ್ಕಾರ ಹೆಸರು ತೆಗೆದ ತಕ್ಷಣ ಜನರ ಬಾಯಿಂದ ಹೋಗುತ್ತದೆಯೇ? ಪ್ರೆಸ್ಸಿನವರೂ ಜನರೇ.

ಹಳೇ ನಾಣ್ಯ

ಬಾಯಿಮಾತು ಬೇರೆ, ಅಚ್ಚಿಗೆ ಕೊಡುವ ಬರಹ ಬೇರೆ. ಆದರೂ ನೂರಕ್ಕೆ ನೂರು ಅಂತ ಹೇಳುವುದಿಲ್ಲ, ತೊಂಬತ್ತು ಇಟ್ಟುಕೊಳ್ಳಿ.

ಮೊಳೆ ಜೋಡಿಸಿದವನು

ನಾನು ಮೈಸೂರಿನ ಪ್ರೆಸ್ಸುಗಳಲ್ಲಿ ಬಹಳ ವರ್ಷ ಕಂಪೋಸಿಟರ್ ಆಗಿದ್ದೆ, ಅಂದರೆ ಅಚ್ಚಿನ ಮೊಳೆ (ಸೀಸದ ಅಕ್ಷರ) ಜೋಡಿಸುವವನು. ಆಫ್‌ಸೆಟ್ ಬಂದು ಮೊಳೆ ಎಲ್ಲ ತೂಕಕ್ಕೆ ಹೋದ ಮೇಲೆ ಬೈಂಡಿಂಗ್‌ಗೆ ಬಂದೆ. ನಿಮ್ಮ ಫೋಟೊ ದೊಡ್ಡದು ಮಾಡಿ ಒಂದು ಗಂಟೆ ನೋಡಿದೆ. ವರ್ಷ ಹೇಳಲಾರೆ. ಆದರೆ ಇದನ್ನು ಹೇಗೆ ಮಾಡಿದ್ದಾರೆ ಅಂತ ಹೇಳುತ್ತೇನೆ.

ತಲೆಬರಹದ ದೊಡ್ಡ ಅಕ್ಷರ ಮರದ್ದು. ಅಷ್ಟು ದೊಡ್ಡ ಅಕ್ಷರವನ್ನು ಸೀಸದಲ್ಲಿ ಎರಕ ಹೊಯ್ದರೆ ಎತ್ತುವುದಕ್ಕೇ ಆಗುವುದಿಲ್ಲ. "ಗ" ಅಕ್ಷರದ ಹೊಟ್ಟೆಯಲ್ಲಿ ತೆಳ್ಳಗೆ ಬಿಳಿ ಗೆರೆಗಳು ಕಾಣುತ್ತವೆ ನೋಡಿ, ಅದು ಮರದ ಎಳೆ. ಬಹಳ ಸಲ ಅಚ್ಚಾದ ಅಕ್ಷರ ಅದು, ಸವೆದಿದೆ. ಕೆಳಗಿನ ಸಾಲುಗಳು ಸೀಸದ ಮೊಳೆ.

ಬಣ್ಣದ ವಿಷಯ. ಕೆಂಪಿಗೆ ಒಂದು ಸಲ, ನೀಲಿಗೆ ಒಂದು ಸಲ ಅಂತ ಎರಡು ಬಾರಿ ಓಡಿಸಿಲ್ಲ. ಶಾಯಿ ತೊಟ್ಟಿಯಲ್ಲೇ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ ಹಾಕಿ ಒಂದೇ ಸಲ ಹೊಡೆದಿದ್ದಾರೆ. ಎರಡು ಬಣ್ಣದ ಪೋಸ್ಟರ್, ಒಂದು ಬಣ್ಣದ ಖರ್ಚು. ನಾಟಕದವರು, ಕುಸ್ತಿಯವರು, ಸರ್ಕಸ್‌ನವರು ಎಲ್ಲ ಹೀಗೇ ಮಾಡಿಸುತ್ತಿದ್ದರು. ರೋಲರು ಅತ್ತಿತ್ತ ಆಡುವುದರಿಂದ ಓಡುತ್ತಾ ಓಡುತ್ತಾ ಎರಡೂ ಬಣ್ಣ ಕಲೆಯುತ್ತವೆ. ಮೊದಲ ಪ್ರತಿಗಳಲ್ಲಿ ನಡುವಿನ ನೇರಳೆ ಒಂದು ಬೆರಳು ಅಗಲ ಇದ್ದರೆ, ಕೊನೆಯ ಪ್ರತಿಗಳಲ್ಲಿ ಒಂದು ಗೇಣು. ನಿಮ್ಮದರಲ್ಲಿ ಎಷ್ಟಿದೆ?

ಇನ್ನೊಂದು ತಮಾಷೆ. ಏಳು ಸಾಲಿನಲ್ಲೂ "ವಿದ್ವಾನ್" ಇದೆ. ಮೊದಲ ನಾಲ್ಕರಲ್ಲಿ ದಕಾರದ ಕೆಳಗಿನ ವ ಒತ್ತು ಸರಿಯಾದ ಅಳತೆ. ಆಮೇಲಿನ ಮೂರರಲ್ಲಿ ಚಿಕ್ಕದು, ಸ್ವಲ್ಪ ಕೆಳಕ್ಕೂ ಜಾರಿದೆ. ಒತ್ತಕ್ಷರಕ್ಕೆ ನಮ್ಮಲ್ಲಿ ಮೊಳೆ ಬೇರೆ. ಆ ಕೇಸಿನಲ್ಲಿ (ಮೊಳೆ ಇಡುವ ಖಾನೆಗಳ ತಟ್ಟೆ) ವ ಒತ್ತು ಖಾಲಿಯಾಗಿದೆ. ಪಕ್ಕದ ಚಿಕ್ಕ ಅಳತೆಯ ಕೇಸಿನಿಂದ ತಂದು, ಸಂದಿಗೆ ಕಾಗದದ ಚೂರು ಕೊಟ್ಟು ಬಿಗಿ ಮಾಡಿದ್ದಾನೆ. ನಾನೂ ಎಷ್ಟು ಸಲ ಮಾಡಿದ್ದೇನೋ. ಅವತ್ತು ಸಂಜೆಯೊಳಗೆ ಕೊಡಬೇಕಿತ್ತು ಅನ್ನಿಸುತ್ತದೆ, ಇಲ್ಲದಿದ್ದರೆ ಬೇರೆ ಪ್ರೆಸ್ಸಿಂದ ಸಾಲ ತರುತ್ತಿದ್ದ.

ನಂಜುಮಳಿಗೆ ನಿವಾಸಿ

ಮೈ ಜುಮ್ಮೆಂದಿತು ಯಜಮಾನರೇ. ಈಗ ನೋಡಿದರೆ ನನಗೂ ಕಾಣುತ್ತಿದೆ, ಐದನೇ "ವಿದ್ವಾನ್"ನಿಂದ ಒತ್ತು ಸಣ್ಣದು. ನೇರಳೆ ಪಟ್ಟಿ ಅಳೆದೆ, ನಾಲ್ಕು ಬೆರಳು.

ಮೊಳೆ ಜೋಡಿಸಿದವನು

ಹಾಗಾದರೆ ನಡುವಿನ ಪ್ರತಿ. ಹಿಂಬದಿಯಲ್ಲಿ ಅಂಟಿನ ಗುರುತು ಇದೆಯೇ? ಗೋಡೆಗೆ ಅಂಟಿಸಿದ್ದನ್ನು ಕಿತ್ತದ್ದೋ, ಅಂಟಿಸದೆ ಉಳಿದದ್ದೋ?

ನಂಜುಮಳಿಗೆ ನಿವಾಸಿ

ಇಲ್ಲ, ಹಿಂದೆ ಕ್ಲೀನಾಗಿದೆ. ಹಲಗೆ ತಾಗಿದ ಕಡೆ ಕಂದು ಕಲೆ ಮಾತ್ರ.

ಮೊಳೆ ಜೋಡಿಸಿದವನು

ಅಂದರೆ ಮಿಕ್ಕಿದ್ದು. ಅಂಟಿಸಿದ್ದು ಯಾವುದೂ ಉಳಿಯುವುದಿಲ್ಲ ಬಿಡಿ. ಮೈದಾ ಕುದಿಸಿ ಅಂಟು ಮಾಡಿ, ಹುಳ ಬೀಳದಿರಲಿ ಅಂತ ಚೂರು ಮೈಲುತುತ್ತ ಹಾಕುತ್ತಿದ್ದೆವು. ಹುಳಕ್ಕೆ ತುತ್ತ ಆಗದು. ದನಕ್ಕೆ ಏನೂ ಲೆಕ್ಕಕ್ಕಿಲ್ಲ, ಹಸಿ ಇರುವಾಗಲೇ ಕಿತ್ತು ತಿನ್ನುತ್ತಿದ್ದವು.

ಕಾಗದದ ಹುಳ

ಹೆಸರು ನೋಡಿ ಹೆದರಬೇಡಿ, ನಾನು ತಿನ್ನುವವಳಲ್ಲ, ಉಳಿಸುವವಳು. ಹಳೇ ಕಾಗದಗಳ ಕೆಲಸವೇ ನನ್ನದು. ಪೋಸ್ಟರ್ ಈಗ ಎಲ್ಲಿಟ್ಟಿದ್ದೀರಿ? ದಯವಿಟ್ಟು ಲ್ಯಾಮಿನೇಷನ್ ಮಾಡಿಸಿದೆ ಅಂತ ಹೇಳಬೇಡಿ.

ನಂಜುಮಳಿಗೆ ನಿವಾಸಿ

ಮಾಡಿಸಿಲ್ಲ, ಆದರೆ ಕೂದಲೆಳೆಯಲ್ಲಿ ತಪ್ಪಿತು. ಗಾಜು ಹಾಕಿಸಲು ಹೋದ ಅಂಗಡಿಯಲ್ಲಿ ಇದನ್ನೂ ತೋರಿಸಿದೆ. ಅವರು ಬಹಳ ಖುಷಿಯಿಂದ "ಕೊಡಿ ಸರ್, ಐದು ನಿಮಿಷ, ಪ್ಲಾಸ್ಟಿಕ್ ಹೊಡೆದು ಕೊಡ್ತೀನಿ, ನಿಮ್ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ" ಅಂದರು. ಮೆಷಿನ್ ಬಿಸಿಯಾಗಲಿ ಅಂತ ಕಾಯುತ್ತಿದ್ದೆವು, ಕರೆಂಟು ಹೋಯಿತು. ಮನೆಗೆ ತಂದೆ. ಆದರೆ ತೂತಿನ ಹತ್ತಿರ ಒಂದು ಸೀಳಿಗೆ ನಾನೇ ಸೆಲೋಟೇಪ್ ಹಾಕಿದ್ದೇನೆ. ತಪ್ಪಾಯಿತೇ?

ಕಾಗದದ ಹುಳ

ಕರೆಂಟು ಹೋದದ್ದಕ್ಕೆ ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಬಿಸಿ ಪ್ಲಾಸ್ಟಿಕ್ ಒಮ್ಮೆ ಕಾಗದಕ್ಕೆ ಕಚ್ಚಿತೆಂದರೆ ಮತ್ತೆ ಬಿಡಿಸಲಾಗದು. ಕಾಗದ ಒಳಗೇ ಹಳದಿಯಾಗಿ ಮುರಿಯುತ್ತಾ ಹೋಗುತ್ತದೆ.

ಸೆಲೋಟೇಪನ್ನು ನೀವೇ ಕೀಳಬೇಡಿ. ಅದರ ಅಂಟು ದಿನ ಕಳೆದಂತೆ ಕಾಗದದೊಳಕ್ಕೆ ಇಳಿದು ಎಣ್ಣೆ ಕಲೆಯ ಹಾಗೆ ಕೂರುತ್ತದೆ. ಹೊಸದಾಗಿದ್ದರೆ ತೆಗೆಯಬಹುದು, ಗೊತ್ತಿರುವವರ ಕೈಯಲ್ಲೇ ಆಗಬೇಕು. ಸೀಳಿಗೆ ಹಿಂದಿನಿಂದ ತೆಳ್ಳನೆಯ ಜಪಾನೀ ಟಿಶ್ಯೂ ಕಾಗದವನ್ನು ಗೋಧಿ ಗಂಜಿಯ ಅಂಟಿನಲ್ಲಿ ಅಂಟಿಸುತ್ತೇವೆ. ಬೇಡ ಅನ್ನಿಸಿದರೆ ಮುಂದೆ ಯಾರಾದರೂ ನೀರಿನಲ್ಲಿ ಬಿಡಿಸಬಹುದು, ಅದೇ ಅದರ ಗುಣ.

ಮಡಿಕೆ ಹೋಗಲಿ ಅಂತ ಇಸ್ತ್ರಿ ಹಾಕಬೇಡಿ. ಓರಿಯಂಟಲ್ ಲೈಬ್ರರಿಯಲ್ಲಿ ಓಲೆಗರಿಗೆ ನಿಂಬೆಹುಲ್ಲಿನ ಎಣ್ಣೆ ಹಚ್ಚುವುದನ್ನು ನೋಡಿ ಒಬ್ಬರು ಮನೆಯ ಹಳೇ ಕರಪತ್ರಕ್ಕೆ ಅದನ್ನೇ ಹಚ್ಚಿ ತಂದಿದ್ದರು. ಗರಿ ಬೇರೆ, ಕಾಗದ ಬೇರೆ. ಆಮ್ಲ ಇಲ್ಲದ ಕಾಗದದ ನಡುವೆ ಅಗಲಕ್ಕೆ ಮಲಗಿಸಿ ಇಡಿ. ಗೋಡೆಗೆ ಹಾಕುವ ಆಸೆ ಇದ್ದರೆ ಸ್ಕ್ಯಾನ್ ಮಾಡಿಸಿದ ಪ್ರತಿ ಹಾಕಿ. ನಿಮ್ಮ ಪೋಸ್ಟರ್ ಇಷ್ಟು ಚೆನ್ನಾಗಿ ಉಳಿದಿರುವುದು ಲಕ್ಷ್ಮಿಯ ಬೆನ್ನಿಗೆ ಕತ್ತಲೆಯಲ್ಲಿ ಇದ್ದುದರಿಂದ. ಅದನ್ನು ತಂದು ಹಾಲಿನಲ್ಲಿ ಕಿಟಕಿ ಎದುರಿಗೆ ನೇತುಹಾಕಿದರೆ ಕೆಂಪು ಮೊದಲು ಹೋಗುತ್ತದೆ.

ಮಂಡ್ಯ ಪ್ಯಾಸೆಂಜರ್

ಎಲ್ಲರೂ ಒಂದು ಗಮನಿಸಿಲ್ಲ. ಚಾಪೆ ತನ್ನಿ ಅಂತಿದೆ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ ಅಂತಿದೆ, ಮೈಕ್ ಇದೆ ಅಂತ ಜಂಭ ಕೊಚ್ಚಿಕೊಂಡಿದ್ದಾರೆ. "ಪ್ರವೇಶ ಉಚಿತ" ಅಂತ ಎಲ್ಲೂ ಇಲ್ಲವಲ್ಲ?

ನಂಜುಮಳಿಗೆ ನಿವಾಸಿ

ಅರೆ! ಹೌದು. ಮತ್ತೆ ಮತ್ತೆ ಓದಿದೆ. ಇಲ್ಲ. ನಾನು ಮೊದಲಿಂದಲೂ ಪುಕ್ಕಟೆ ಅಂತಲೇ ಓದಿಕೊಂಡಿದ್ದೆ. ತೂತಿನಲ್ಲಿ ಹೋಗಿರಬಹುದೇ?

ಮೊಳೆ ಜೋಡಿಸಿದವನು

ಅಂಥ ಸಾಲು ಕೆಳಗೇ ಬರುವುದು, ಮೇಲೆ ಬರುವುದಿಲ್ಲ. ಮೇಲೆ ದೇವರು, ಸಂವತ್ಸರ, ಉತ್ಸವದ ಹೆಸರು. ಇದರಲ್ಲಿ ಹಾಕಿಯೇ ಇಲ್ಲ.

ಶ್ರುತಿಪೆಟ್ಟಿಗೆ

ಬೀದಿಗೆ ಬಾಗಿಲು ಎಲ್ಲಿದೆ, ಪ್ರವೇಶ ಅನ್ನುವುದಕ್ಕೆ? ಮನೆ ಮುಂದೆ ಕಚೇರಿ. ಮೂರನೇ ಮನೆಯವರು ಜಗುಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೇಳುತ್ತಾರೆ. ಅವರಿಗೆ ಟಿಕೆಟ್ ಕೊಡುವವರು ಯಾರು?

ಪಂಚಾಂಗದ ಮೇಷ್ಟ್ರು

ಭಾದ್ರಪದದಲ್ಲಿ ಅವರೆಕಾಯಿ ಎಲ್ಲಿ ಮೇಡಂ? ಅದು ಧನುರ್ಮಾಸದ್ದು.

ಶ್ರುತಿಪೆಟ್ಟಿಗೆ

ಹೋಗಲಿ, ಹುರುಳಿಕಾಯಿ ಸೋಸುತ್ತಾ ಅಂತ ಓದಿಕೊಳ್ಳಿ ಮೇಷ್ಟ್ರೇ.

ಒಂಟಿಕೊಪ್ಪಲು

ಅರಮನೆ ಮುಂದೆ ದಸರಾ ಕಚೇರಿಗೂ ಟಿಕೆಟ್ ಇಲ್ಲ. ಮೈಸೂರಿನವರಿಗೆ ಸಂಗೀತಕ್ಕೆ ಕಾಸು ಕೊಡುವ ಅಭ್ಯಾಸವೇ ಇಲ್ಲ ಅಂತ ಬೆಂಗಳೂರಿನವರು ಆಡಿಕೊಳ್ಳುವುದು ಇದಕ್ಕೇ ಇರಬೇಕು.

ಶ್ರುತಿಪೆಟ್ಟಿಗೆ

ಆ ಮಾತು ಸುಮ್ನೆ ನಗುವುದಕ್ಕೆ ಚೆನ್ನ. ಹಾಡುವವಳಾಗಿ ಒಂದು ಹೇಳುತ್ತೇನೆ. ಕೇಳುವವರಿಗೆ ಪುಕ್ಕಟೆ, ನಡೆಸುವವರಿಗೆ ಅಲ್ಲ. ಇಂಥ ಬೀದಿ ಕಚೇರಿಗಳಲ್ಲಿ ನಾನು ಹಾಡಿದ್ದೇನೆ. ಕೆಲವು ಕಡೆ ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಒಂದು ಶಾಲು, ಕವರ್ ಸಿಗುತ್ತದೆ. ಒಂದು ಕಡೆ ಶಾಲು ಬಹಳ ಚೆನ್ನಾಗಿತ್ತು, ಕವರ್ ಮರೆತಿದ್ದರು. ಮೃದಂಗದವರಿಗೆ ನಾನೇ ಕೈಯಿಂದ ಕೊಟ್ಟು ಕಳಿಸಿದೆ. ಹಾಗಂತ ಬೀದಿಯಲ್ಲಿ ಹಾಡುವುದಿಲ್ಲ ಅನ್ನುವವಳಲ್ಲ. ಟಿಕೆಟ್ ಇರುವ ಸಭಾಂಗಣದಲ್ಲಿ ಮುಂದಿನ ಎರಡು ಸಾಲು ಖಾಲಿ ಇರುತ್ತದೆ, ಗಣ್ಯರಿಗೆ ಅಂತ. ಬೀದಿಯಲ್ಲಿ ಮುಂದೆ ಕೂತಿರುವುದು ಯಾವಾಗಲೂ ಮಡಿಲಲ್ಲಿ ಮಗು ಇರುವ ಒಬ್ಬ ಹೆಂಗಸು. ಪೋಸ್ಟರ್‌ನಲ್ಲಿ ಪಕ್ಕಕ್ಕೆ ಕೂರಿ ಅಂತ ಬರೆದಿದ್ದರೂ ಆಕೆ ಮುಂದೆಯೇ ಕೂತಿರುತ್ತಾಳೆ.

ಮಂಡ್ಯ ಪ್ಯಾಸೆಂಜರ್

ನಮ್ಮಪ್ಪ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದವರು. ಪಿಟೀಲು ಅಂದರೆ ಪ್ರಾಣ. ಹಬ್ಬದ ದಿನಗಳಲ್ಲಿ ಮಧ್ಯಾಹ್ನದ ರೈಲಿಗೆ ಮೈಸೂರಿಗೆ ಬಂದು, ಯಾವ ಬೀದಿಯಲ್ಲಿ ಪಿಟೀಲು ಕೇಳುತ್ತದೋ ಅಲ್ಲಿ ಕೂರುತ್ತಿದ್ದರು. ರಾತ್ರಿ ರೈಲು ತಪ್ಪಿದರೆ ಸ್ಟೇಷನ್ನಿನಲ್ಲೇ ಮಲಗಿ ಬೆಳಿಗ್ಗೆ ಬರುತ್ತಿದ್ದರು. ಟಿಕೆಟ್ ಇದ್ದಿದ್ದರೆ ಬರುತ್ತಿರಲಿಲ್ಲ. ದುಡ್ಡಿಗಲ್ಲ, ಒಳಗೆ ಹೋಗಲು ಸಂಕೋಚ. ಕಾಲಲ್ಲಿ ಕೆಸರು, ಪಂಚೆ ಮೊಣಕಾಲವರೆಗೆ.

ಚೌಡಯ್ಯನವರ ಏಳು ತಂತಿ ಪಿಟೀಲಿನ ಕಥೆ ಅಪ್ಪನ ಬಾಯಲ್ಲೇ ಕೇಳಿದ್ದು. ಮೈಕ್ ಇಲ್ಲದ ಕಾಲ. ನಾಲ್ಕು ತಂತಿಯ ನಾದ ಹಿಂದೆ ಕೂತವರಿಗೆ ಮುಟ್ಟುವುದಿಲ್ಲ ಅಂತ ಇನ್ನೂ ಮೂರು ತಂತಿ ಸೇರಿಸಿಕೊಂಡರು. "ಹಿಂದೆ ಕೂತವನಿಗೋಸ್ಕರ ವಾದ್ಯಾನೇ ಬದಲಾಯಿಸಿದ ಮನುಷ್ಯ" ಅನ್ನುತ್ತಿದ್ದರು ಅಪ್ಪ. ಅವರು ಯಾವಾಗಲೂ ಹಿಂದೆಯೇ ಕೂರುತ್ತಿದ್ದರಲ್ಲ, ಅದಕ್ಕೆ.

ಹಳೇ ನಾಣ್ಯ

ಚೌಡಯ್ಯನವರು ಹೋಗಿದ್ದು 1967ರ ಜನವರಿಯಲ್ಲಿ. ಪೋಸ್ಟರ್ 1967ರದ್ದಾಗಿದ್ದರೆ "ದಿ॥ ಚೌಡಯ್ಯ" ಅಂತ ಒಂದು ಸಂಜೆ ಅವರಿಗೂ ಇರಬೇಕಿತ್ತು ಅಲ್ವಾ? ಶ್ರುತಿಪೆಟ್ಟಿಗೆ ಮೇಡಂ ಹೇಳಿದ ಲೆಕ್ಕದಲ್ಲೇ.

ಶ್ರುತಿಪೆಟ್ಟಿಗೆ

ಅದು ಒಳ್ಳೆಯ ಮಾತು. ಮೈಸೂರಿನ ಬೀದಿ, ಚೌಡಯ್ಯನವರು ಹೋದ ವರ್ಷ, ಅವರ ಹೆಸರೇ ಇಲ್ಲದೆ ಕಚೇರಿ? ಸಾಧ್ಯವೇ ಇಲ್ಲ. ಗಾಯಕ ಬಿಡಾರಂ ಕೃಷ್ಣಪ್ಪನವರ ಶಿಷ್ಯ, ಈ ಊರಿನ ಮಗ ಅವರು.

ನಂಜುಮಳಿಗೆ ನಿವಾಸಿ

ಮೊದಲ ದಿನಗಳ ಸಾಲು ಹೋಗಿವೆಯಲ್ಲ, ಅಲ್ಲಿ ಇದ್ದಿರಬಹುದು ಅಂತ ಮೇಷ್ಟ್ರು ಈಗ ಹೇಳುತ್ತಾರೆ ನೋಡಿ.

ಪಂಚಾಂಗದ ಮೇಷ್ಟ್ರು

ಹೇಳಬೇಕು ಅಂತಲೇ ಬಂದೆ. ಆದರೆ ಬರುವ ದಾರಿಯಲ್ಲಿ ಬೇರೆ ಏನೋ ಹೊಳೆಯಿತು. ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕು.

ವಾರ ನೋಡಿದೆ, ತಿಥಿ ನೋಡಲಿಲ್ಲ. 19 ವರ್ಷಕ್ಕೊಮ್ಮೆ ತಿಥಿ, ತಾರೀಕು ಹೆಚ್ಚುಕಡಿಮೆ ಅದೇ ಜಾಗಕ್ಕೆ ಬರುತ್ತವೆ. ಒಂದು ದಿನ ಆಚೆ ಈಚೆ ಆಗಬಹುದು. 2018ರಲ್ಲಿ ಗಣೇಶನ ಹಬ್ಬ ಸೆಪ್ಟೆಂಬರ್ 13ಕ್ಕೆ ಇತ್ತು. ಹಿಂದಕ್ಕೆ ಹೋಗಿ: 1999, 1980, 1961. ಅಂದರೆ 1961ರಲ್ಲಿ ಚೌತಿ ಸೆಪ್ಟೆಂಬರ್ 13ರ ಸುತ್ತ, ಬುಧವಾರ. ಈಗ 1967. 2005ರಲ್ಲಿ ಹಬ್ಬ ಸೆಪ್ಟೆಂಬರ್ 7ಕ್ಕೆ ಇತ್ತು. ಹಿಂದಕ್ಕೆ 1986, ಆಮೇಲೆ 1967. ಚೌತಿ 7 ಅಥವಾ 8.

ಈಗ ಪೋಸ್ಟರ್‌ನ ಕೊನೆಯ ಸಾಲು ನೋಡಿ. 22 ಶುಕ್ರವಾರ ಕಚೇರಿ ಇದೆ. 1961 ಆದರೆ ಹಬ್ಬದಿಂದ ಹತ್ತನೇ ದಿನ. ಅನಂತನ ಚತುರ್ದಶಿಯ ಹಿಂದಿನ ಸಂಜೆಗೆ ಮುಗಿಯುತ್ತದೆ, ಬಹಳ ಸರಿಯಾಗಿ ಕೂರುತ್ತದೆ. 1967 ಆದರೆ? ಅನಂತನ ಚತುರ್ದಶಿ 17ರ ಹೊತ್ತಿಗೇ ಆಗಿಹೋಗಿ, 22ರ ಶುಕ್ರವಾರ ಪಿತೃಪಕ್ಷ ನಡೆಯುತ್ತಿರುತ್ತದೆ! ಪಕ್ಷದಲ್ಲಿ ಗಣಪತಿ ಕೂರಿಸಿಕೊಂಡು ಕಚೇರಿ ಮಾಡುವ ಬೀದಿ ಮೈಸೂರಿನಲ್ಲಿ ಹುಟ್ಟಿಲ್ಲ.

ಪ್ಲವ ಸಂವತ್ಸರ. 1961. ಇನ್ನು ಯಾರೇ ಬಂದು ಹೇಳಿದರೂ ಬದಲಾಯಿಸುವುದಿಲ್ಲ.

ಹಳೇ ನಾಣ್ಯ

ನಾನು ಮೊದಲೇ ಹೇಳಿದ್ದೆ.

ಪಂಚಾಂಗದ ಮೇಷ್ಟ್ರು

ನೀವು ತೊಂಬತ್ತು ಹೇಳಿದ್ದಿರಿ. ಬಾಕಿ ಹತ್ತು ನನ್ನದು.

ಒಂಟಿಕೊಪ್ಪಲು

1961 ಅಂದರೆ ಊರಲ್ಲಿ ರೇಡಿಯೊ ಸ್ಟೇಷನ್ ಇರಲಿಲ್ಲ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ನಮ್ಮ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಶುರು ಮಾಡಿದ ಆಕಾಶವಾಣಿ, 1955ರಲ್ಲಿ ಬೆಂಗಳೂರಿಗೆ ಹೋಗಿತ್ತು. ಪೋಸ್ಟರ್‌ನಲ್ಲಿ ಯಾರ ಹೆಸರಿನ ಮುಂದಾದರೂ ಆಕಾಶವಾಣಿ ಅಂತ ಇದೆಯೇ?

ನಂಜುಮಳಿಗೆ ನಿವಾಸಿ

ಇದೆ. 20 ಬುಧವಾರ, ವೀಣೆಯವರ ಹೆಸರಿನ ಕೆಳಗೆ "ಬೆಂಗಳೂರು ಆಕಾಶವಾಣಿ ಕಲಾವಿದರು". ಅದೂ ಹೊಂದುತ್ತದೆ.

ಈಗ ನನ್ನ ಕಡೆಯ ಸುದ್ದಿ. ಅಜ್ಜಿಗೆ ಕಣ್ಣು ಮಂಜು, ಅದಕ್ಕೆ ಇಷ್ಟು ದಿನ ತೋರಿಸಿರಲಿಲ್ಲ. ನಿನ್ನೆ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಪೋಸ್ಟರ್ ಮಲಗಿಸಿ, ಒಂದೊಂದು ಸಾಲಾಗಿ ಓದಿ ಹೇಳಿದೆ. ಅವರು ಮದುವೆಯಾಗಿ ಈ ಮನೆಗೆ ಬಂದದ್ದು 1961ರ ಬೇಸಿಗೆಯಲ್ಲಿ. ಲಕ್ಷ್ಮಿ ಪಟ ತವರಿನಿಂದ ಬಂದದ್ದು. ಮೊದಲ ಗೌರಿ ಹಬ್ಬಕ್ಕೆ ಅಂತ ತಾತ ಅದಕ್ಕೆ ಕಟ್ಟು ಹಾಕಿಸಿದರಂತೆ. ಕಟ್ಟು ಹಾಕಿದವರ ಅಂಗಡಿ ಅದೇ ಬೀದಿಯ ಮೂಲೆಯಲ್ಲಿತ್ತಂತೆ. ಅವರೇ ಉತ್ಸವದ ಚಂದಾ ಎತ್ತುತ್ತಿದ್ದವರಲ್ಲಿ ಒಬ್ಬರು. ಮಿಕ್ಕಿದ ಪೋಸ್ಟರ್ ಅಂಗಡಿಯಲ್ಲೇ ಬಿದ್ದಿರಬೇಕು.

"ಟಿಕೆಟ್ ಇತ್ತಾ ಅಜ್ಜಿ?" ಅಂತ ಕೇಳಿದೆ. ನನ್ನ ಪ್ರಶ್ನೆಯೇ ಅವರಿಗೆ ಅರ್ಥವಾಗಲಿಲ್ಲ. "ಯಾವ ಟಿಕೇಟು?" ಅಂದರು. ಆಮೇಲೆ ಅವರೇ ಹೇಳಿದರು, ಹೊಸ ಸೊಸೆ ಆದ್ದರಿಂದ ಬೀದಿಗೆ ಹೋಗಿ ಕೂರಲು ಅತ್ತೆ ಬಿಡುತ್ತಿರಲಿಲ್ಲ, ಆದರೆ ಕಿಟಕಿಯ ಒಂದು ರೆಕ್ಕೆ ತೆಗೆದಿಡುತ್ತಿದ್ದರು ಅಂತ. ಧ್ವನಿವರ್ಧಕದ ಸಾಲು ಓದಿದಾಗ ನಕ್ಕರು. ಮೈಕು "ಕುಯ್ಯೋ" ಅಂತ ಕೂಗಿದರೆ ಬೀದಿಯ ನಾಯಿಗಳೆಲ್ಲ ಸೇರಿಕೊಳ್ಳುತ್ತಿದ್ದವಂತೆ.

22 ಶುಕ್ರವಾರದ ಸಾಲು ಓದಿದೆ. "ಅದು ನಡೀಲಿಲ್ಲ" ಅಂದರು. ಅಷ್ಟು ಖಡಾಖಂಡಿತವಾಗಿ. ಆ ದಿನ ಮಧ್ಯಾಹ್ನದಿಂದಲೇ ಮಳೆ, ಚಪ್ಪರ ಕುಸಿಯಿತು. ಪ್ರಸಾದಕ್ಕೆ ಮಾಡಿದ್ದ ಪಾಯಸದ ಕೊಳಗವನ್ನು ನಾಲ್ಕು ಜನ ಹೊತ್ತು ತಂದು ನಮ್ಮ ಮನೆಯ ನಡುಮನೆಯಲ್ಲಿ ಇಟ್ಟರಂತೆ. ಅದರ ಹಿಂದೆಯೇ ಹಾಡಬೇಕಾಗಿದ್ದ ವಿದ್ವಾಂಸರೂ ನೆನೆದು ಒಳಗೆ ಬಂದರು. ಮೈಕಿಲ್ಲ, ವೇದಿಕೆ ಇಲ್ಲ, ಕೊಳಗದ ಪಕ್ಕ ಚಾಪೆ ಹಾಸಿ ಕೂತು ಎರಡು ಕೃತಿ ಹಾಡಿದರು. ಹೊಸ ಸೊಸೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ್ದು. "ನಾನು ಹತ್ತಿರದಿಂದ ಕೇಳಿದ್ದು ಅದೊಂದೇ" ಅಂದರು.

ಶ್ರುತಿಪೆಟ್ಟಿಗೆ

ಯಾವ ಕೃತಿ ಅಂತ ಕೇಳಿದಿರಾ??

ನಂಜುಮಳಿಗೆ ನಿವಾಸಿ

ಕೇಳಿದೆ ಮೇಡಂ. ಹೆಸರು ಗೊತ್ತಿಲ್ಲ ಅಂದರು. ಆದರೆ ಗುನುಗಿದರು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೇನೆ, ನಿಮಗೆ ಕಳಿಸುತ್ತೇನೆ. ನನ್ನ ಕಿವಿಗೆ ಮೋಹನ ಅನ್ನಿಸಿತು, ನನ್ನ ಕಿವಿ ನಂಬಬೇಡಿ.

ಕಾಗದದ ಹುಳ

ಗುರುವಾರ ಬೆಳಿಗ್ಗೆ ನಾನು ಬಿಡುವಾಗಿದ್ದೇನೆ. ಟೇಪ್ ತೆಗೆಯಲು ನಾನೇ ನಿಮ್ಮ ಮನೆಗೆ ಬರುತ್ತೇನೆ. ಕಾಗದವನ್ನು ಸುರುಳಿ ಸುತ್ತಿ ಸ್ಕೂಟರಿನಲ್ಲಿ ತರಬೇಡಿ.

ಮೊಳೆ ಜೋಡಿಸಿದವನು

ನನ್ನನ್ನೂ ಕರೆಯಿರಿ. ಆ ಸಣ್ಣ ಒತ್ತನ್ನು ಕಣ್ಣಾರೆ ನೋಡಬೇಕು. ಭೂತಗನ್ನಡಿ ನಾನೇ ತರುತ್ತೇನೆ.

ಮಂಡ್ಯ ಪ್ಯಾಸೆಂಜರ್

ಪಾಯಸ ಯಾವುದಿತ್ತು ಅಂತ ಅಜ್ಜಿ ಹೇಳಿದರೇ?

ನಂಜುಮಳಿಗೆ ನಿವಾಸಿ

ಹೆಸರುಬೇಳೆ. ಬೆಲ್ಲ ಜಾಸ್ತಿಯಾಗಿತ್ತಂತೆ.